ಫಿಲ್ಸನ್ ಹೆಸರು ಕೂಗಿದ ದಿನ

ಹರ್ಗೇಸಾ
12 ಮಾರ್ಚ್ 2006

ನನ್ನ ಅಮ್ಮಾ ಫಿಲ್ಸನ್,

ಹೆತ್ತ ಮಗಳನ್ನೇ ‘ಅಮ್ಮಾ’ ಎಂದು ಕರೆಯುವುದು ನಮ್ಮ ಸೊಮಾಲಿ ತಾಯಂದಿರ ರೂಢಿ. ಆ ರೂಢಿಯ ಮೇಲೆ ಆಣೆಯಿಟ್ಟು ಹೇಳುತ್ತೇನೆ, ಈ ಕಾಗದ ಓದುವ ಮುಂಚೆ ಒಲೆ ಆರಿಸು, ಬಾಗಿಲು ಹಾಕು, ತಂಗಿ ಇದಿಲ್, ಪುಟ್ಟ ತಮ್ಮ ಸಹಲ್ ಇಬ್ಬರನ್ನೂ ಟೀವಿಯ ಮುಂದೆ ಕೂರಿಸು. ಫೋನಿನಲ್ಲಿ ನಾನು ಹೇಳಿದ್ದೆಲ್ಲ ಸುಳ್ಳು. ಆ ಫೋನು ನಿನ್ನ ಸೋದರಮಾವ ಕಾಹಿನ್‌ನ ಅಂಗಡಿಯಲ್ಲಿದೆ. ಅಲ್ಲಿಗೆ ಅಕ್ಕಿ ಕೊಳ್ಳಲು ಬಂದವರಿಗೆ ಅಕ್ಕಿಗಿಂತ ನನ್ನ ಮಾತೇ ರುಚಿ. ಆದ್ದರಿಂದ ಇನ್ನು ಮೇಲೆ ಸುಖದ ಸುದ್ದಿ ಫೋನಿಗೆ, ನಿಜದ ಸುದ್ದಿ ಕಾಗದಕ್ಕೆ. ಹೋಗಿಬರುವವರ ಚೀಲದಲ್ಲಿ ಕಳಿಸೋಣ.

ನಿನ್ನ ತಮ್ಮ ಗುಲೇದ್‌ಗೆ ಗೊತ್ತಾಗಿಹೋಯಿತು. ಅಜ್ಜಿಯನ್ನು ನೋಡಿಕೊಂಡು ಮೂರು ವಾರದಲ್ಲಿ ಗೋಥೆನ್‌ಬರ್ಗ್‌ಗೆ ವಾಪಸ್ಸು ಎಂದು ನಂಬಿಸಿ ಕರೆತಂದಿದ್ದೆನಲ್ಲ, ಆ ಮೂರು ವಾರ ಮುಗಿದ ಬೆಳಿಗ್ಗೆ ಅವನು ಬೂಟಿನ ದಾರ ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದ.

“ಅಮ್ಮಾ, ನನ್ನ ಪಾಸ್‌ಪೋರ್ಟ್ ಎಲ್ಲಿ?”

ಮಗಳೇ, ಮೊಗದಿಶುವಿನ ರಂಗಮಂದಿರದಲ್ಲಿ ನಾನು ರಾಣಿಯ ಪಾತ್ರ ಮಾಡಿದವಳು. ನಾನು ಕೈ ಎತ್ತಿದರೆ ಕೊನೆಯ ಸಾಲಿನ ಕಡಲೆಕಾಯಿ ಮಾರುವವನೂ ಸುಮ್ಮನಾಗುತ್ತಿದ್ದ. ಹದಿನಾರರ ಹುಡುಗನ ಮುಂದೆ ಮಾತು ಮರೆತೆ. ಭದ್ರವಾಗಿದೆ ಎಂದಷ್ಟೇ ಹೇಳಿದೆ. ಅವನು ನಕ್ಕ. “ಜೈಲಲ್ಲಿ ಕೈದಿಗಳೂ ಭದ್ರವಾಗೇ ಇರ್ತಾರೆ.” ಆಮೇಲೆ ಅಜ್ಜಿಯ ನೀರಿನ ಹೂಜಿ ಒಡೆದ.

ಬೀದಿಯ ಹುಡುಗರು ಅವನನ್ನು ‘ಢಕನ್ ಏಲಿಸ್’ ಎಂದು ಕರೆಯುತ್ತಾರೆ. ಪರದೇಶದಲ್ಲಿ ಕೆಟ್ಟು, ಸಂಸ್ಕಾರ ಕಲಿಯಲು ಊರಿಗೆ ಕಳಿಸಲ್ಪಟ್ಟವರಿಗೆಲ್ಲ ಇಲ್ಲಿ ಅದೇ ಹೆಸರು. “ರಿಪೇರಿಗೆ ಬಂದ ಮಾಲು” ಎಂದು ಹಿಂದಿನಿಂದ ಕೂಗುತ್ತಾರೆ. ನಾನು ಕೇಳಿಸದವಳಂತೆ ನಡೆಯುತ್ತೇನೆ.

ಆದರೆ ನೀನೇ ಹೇಳು, ಬೇರೆ ದಾರಿ ಇತ್ತೇ? ಒಂಬತ್ತನೇ ತರಗತಿಯಲ್ಲಿ ಒಂದು ವಿಷಯವೂ ಪಾಸಿಲ್ಲ. ಪೊಲೀಸರು ಎರಡು ಸಲ ಅವನನ್ನು ಬಾಗಿಲಿಗೆ ತಂದು ಬಿಟ್ಟರು. ಮೂರನೆಯ ಸಲ ಅವನನ್ನು ತರುವುದಿಲ್ಲ, ಅವನ ಸುದ್ದಿ ತರುತ್ತಾರೆ. ನಿಮ್ಮಪ್ಪ ಬರ್ಮಿಂಗ್‌ಹ್ಯಾಮಿನ ಇನ್ನೊಂದು ಸಂಸಾರದಿಂದ ಫೋನು ಮಾಡಿ “ಹುಡುಗನಿಗೆ ಬುದ್ಧಿ ಹೇಳು” ಎಂದ. ಬುದ್ಧಿ ಹೇಳಲು ಬೇಕಾದ ಗಂಡಸು ತಾನೇ ಎಂಬುದು ಅವನಿಗೆ ಹೊಳೆಯಲಿಲ್ಲ.

ಅವನನ್ನು ಕಾಹಿನ್‌ನ ಹತ್ತಿರ ಬಿಟ್ಟು ಮೇ ತಿಂಗಳಲ್ಲಿ ಬಂದುಬಿಡುತ್ತೇನೆ. ಜೂನಿನಲ್ಲಿ ನಿನ್ನ ತಲೆಗೆ ಶಾಲೆ ಮುಗಿಸಿದವರ ಆ ಬಿಳಿ ಟೋಪಿ ಏರುವಾಗ ಶಾಲೆಯ ಮೆಟ್ಟಿಲ ಕೆಳಗೆ ನಿಂತು ಈ ದಹಬೊ ಹಾಕುವ ಕೇಕೆಗೆ ಟ್ರಾಮುಗಳು ನಿಲ್ಲಬೇಕು.

ನಿನ್ನನ್ನು ಹೆತ್ತವಳು,
ದಹಬೊ


ಗೋಥೆನ್‌ಬರ್ಗ್
9 ಏಪ್ರಿಲ್ 2006

ಪ್ರೀತಿಯ ಅಮ್ಮಾ,

ನಿನ್ನ ಕಾಗದ ಪಕ್ಕದ ಮನೆಯ ಕಲ್ತೂನ್ ಚಿಕ್ಕಮ್ಮನ ತಮ್ಮನ ಪೆಟ್ಟಿಗೆಯಲ್ಲಿ, ತುಪ್ಪದಲ್ಲಿಟ್ಟ ಒಣಮಾಂಸದ ಡಬ್ಬಿಯ ಪಕ್ಕ ಮಲಗಿ ಬಂತು. ಜಿಡ್ಡಾದ ಜಾಗದಲ್ಲಿ ಎರಡು ಸಾಲು ಓದಲಾಗಲಿಲ್ಲ. ಮುಖ್ಯವಾದದ್ದು ಅಲ್ಲೇ ಇತ್ತೇನೋ.

ಮನೆ ನಡೆಯುತ್ತಿದೆ. ಸಹಲ್‌ನ ಶಾಲೆಯಲ್ಲಿ ಪೋಷಕರ ಸಭೆಗೆ ನಾನೇ ಹೋದೆ. ಎಂಟು ವರ್ಷದ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತೆ. ಸಹಲ್ ಮನೆಯಲ್ಲಿ ಏನು ಕೆಲಸ ಮಾಡುತ್ತಾನೆ ಎಂದು ಟೀಚರ್ ಕೇಳಿದರು. “ಉಸಿರಾಡ್ತಾನೆ” ಎಂದೆ. ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

ಅವತ್ತೇ ಸಂಜೆ ಅವನ ಕೈಗೆ ಪಾತ್ರೆ ಉಜ್ಜುವ ಸ್ಪಂಜು ಕೊಟ್ಟೆ. ಆಗಲೇ ಕಲ್ತೂನ್ ಚಿಕ್ಕಮ್ಮ ಒಳಗೆ ಬಂದರು.

“ಅಯ್ಯೋ, ಗಂಡುಹುಡುಗನ ಕೈಗೆ ಪಾತ್ರೆ ಕೊಟ್ಟಿದ್ದೀಯಾ? ನಾಳೆ ಲಂಗಾನೂ ಹೊಲಿಸ್ತೀಯೇನೇ?”

ಸಹಲ್ ತಿರುಗಿಯೂ ನೋಡದೆ, “ಚಿಕ್ಕಮ್ಮಾ, ನಿಮ್ ಲೋಟಾನೂ ಇಲ್ಲಿಡಿ” ಎಂದ.

ಬೇರೆ ದಾರಿ ಇತ್ತೇ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಲಾಗದ್ದನ್ನು ಕಾಗದದಲ್ಲಿ ಹೇಳು ಎಂದದ್ದೂ ನೀನೇ. ಹೇಳುತ್ತೇನೆ. ನಾನು ಜಾಣೆ ಎಂದು ಎಲ್ಲರ ಮುಂದೆ ಮೆರೆಸುತ್ತೀಯ. ಟ್ರಾಮ್ ಸ್ವಲ್ಪ ತಡವಾದರೂ ಮೆಟ್ಟಿಲ ಮೇಲೆ ನೀನು ನನಗಾಗಿ ಕಾದು ನಿಂತಿರುತ್ತಿದ್ದೆ, “ಯಾರ ಜೊತೆ ಇದ್ದೆ” ಎಂದು ನನ್ನ ಕೋಟಿನ ಜೇಬಿಗೆಲ್ಲ ಕೇಳುತ್ತಿದ್ದೆ. ಗುಲೇದ್ ಯಾವ ಹೊತ್ತಿಗೆ ಬಂದರೂ ಅವನ ತಟ್ಟೆ ಬಿಸಿಯಾಗಿರುತ್ತಿತ್ತು. ಗಂಡು ಹೊರಗಿನವನು ಎನ್ನುತ್ತಿದ್ದೆ. ನನಗೆ ಬೀಗ, ಅವನಿಗೆ ಬಯಲು. ಬೀಗದೊಳಗೆ ಮಾಡಲು ಬೇರೇನೂ ಇರಲಿಲ್ಲ, ಓದಿದೆ. ಬಯಲಲ್ಲಿ ಕರೆಯುವವರು ಯಾರೂ ಇರಲಿಲ್ಲ, ಅವನು ಕಳೆದುಹೋದ. ಈಗ ಅವನನ್ನೂ ಬೀಗದೊಳಗೆ ಹಾಕಿದ್ದೀಯ. ಅವನ ಬೀಗ ಕಾಯಲು ನೀನು ಅಲ್ಲಿ, ನೀನು ಬಿಟ್ಟುಹೋದ ಬೀಗ ಕಾಯಲು ನಾನು ಇಲ್ಲಿ.

ಇನ್ನೊಂದು ವಿಷಯ. ಉಮೆಯೋ ಊರಿನಲ್ಲಿ ದಂತವೈದ್ಯಕೀಯಕ್ಕೆ ಅರ್ಜಿ ಹಾಕಿದ್ದೇನೆ. ಇಲ್ಲಿಂದ ಉತ್ತರಕ್ಕೆ ಒಂದು ಇಡೀ ರಾತ್ರಿಯ ರೈಲು. ಗೋಥೆನ್‌ಬರ್ಗ್‌ನಲ್ಲೂ ಇದೆ ಎಂದು ನೀನು ಹೇಳುತ್ತೀಯ. ನಾನು ಉಮೆಯೋ ಎಂದೇ ಬರೆದೆ.

ನಿನ್ನ ದವಡೆ ಹಲ್ಲು ಹೇಗಿದೆ?

ಫಿಲ್ಸನ್


ಹರ್ಗೇಸಾ
21 ಮೇ 2006

ಅಮ್ಮಾ ಫಿಲ್ಸನ್,

ಹಲ್ಲು ಚೆನ್ನಾಗಿ ನೋಯುತ್ತಿದೆ. ಲವಂಗ ಕಚ್ಚಿಕೊಂಡು ಈ ಕಾಗದ ಬರೆಯುತ್ತಿದ್ದೇನೆ, ಅದಕ್ಕೇ ಸಿಟ್ಟು ಜಾಸ್ತಿಯಿದ್ದರೆ ಅರ್ಧ ಹಲ್ಲಿನದು ಎಂದು ತಿಳಿ.

ಸಹಲ್ ಕೈಯಲ್ಲಿ ಪಾತ್ರೆ ತೊಳೆಸುವುದನ್ನು ನಿಲ್ಲಿಸು. ಒಬ್ಬ ಮಗನ ಕಥೆ ಹೀಗಾಗಿದೆ, ಇನ್ನೊಬ್ಬನನ್ನಾದರೂ ಗಂಡಸಾಗಿ ಬೆಳೆಸಲು ಬಿಡು. ಉಮೆಯೋ ಯಾವ ಲೋಕದಲ್ಲಿದೆ? ಹಿಮಸಾರಂಗದ ಹಲ್ಲು ಕೀಳುತ್ತೀಯಾ? ಮದುವೆಯಾಗದ ಹುಡುಗಿ ಅಷ್ಟು ದೂರ ಒಂಟಿಯಾಗಿ ಇದ್ದಾಳೆಂದರೆ ನಮ್ಮವರ ಬಾಯಿಗೆ ಯಾವ ದಂತವೈದ್ಯನೂ ಬೀಗ ಹಾಕಲಾರ.

ನಾನು ಜೂನಿಗೆ ಬರಲಾಗುವುದಿಲ್ಲ. ಕಾಹಿನ್‌ಗೆ ಜ್ವರ, ಅಂಗಡಿಯಲ್ಲಿ ಕೂರುವವರಿಲ್ಲ. ಟಿಕೆಟ್ಟಿನ ದಿನ ಮುಂದಕ್ಕೆ ಹಾಕಿಸಿದ್ದೇನೆ. ಬಿಳಿ ಟೋಪಿ ಹಾಕಿದ ಫೋಟೊ ಎರಡು ತೆಗೆಸು, ಒಂದು ಅಜ್ಜಿಗೆ.

ನೀನು ಬರೆದ ಬೀಗದ ಮಾತು ಓದಿದೆ. ಕಾಗದ ಮಡಚಿ ಇಟ್ಟೆ. ಮತ್ತೆ ಬಿಚ್ಚಲಿಲ್ಲ.

ದಹಬೊ


ಗೋಥೆನ್‌ಬರ್ಗ್
12 ಜೂನ್ 2006

ಅಮ್ಮಾ,

ಶಾಲೆಯ ಬಾಗಿಲು ತೆರೆದು ನಾವೆಲ್ಲ ಬಿಳಿ ಟೋಪಿ ಹಾಕಿಕೊಂಡು ಹೊರಗೆ ಓಡಿಬಂದೆವು. ಕೆಳಗೆ ಎಲ್ಲರ ಅಪ್ಪ ಅಮ್ಮ ತಮ್ಮ ಮಕ್ಕಳ ಎಳೆಗೂಸಿನ ಫೋಟೊವನ್ನು ದೊಡ್ಡದು ಮಾಡಿಸಿ ಕೋಲಿಗೆ ಕಟ್ಟಿ ಎತ್ತಿ ಹಿಡಿದಿದ್ದರು. ಇಲ್ಲಿಯ ಪದ್ಧತಿ. ನನ್ನ ಎಳೆತನದ ಫೋಟೊ ಯುದ್ಧದಲ್ಲಿ ಮನೆಯ ಜೊತೆ ಹೋಯಿತಲ್ಲ. ಇದಿಲ್ ಕೂತು ಚಿತ್ರ ಬರೆದಿದ್ದಳು: ತೊಟ್ಟಿಲ ಕೂಸು, ತಲೆಗೆ ಹಿಜಾಬು, ಬಾಯ್ತುಂಬ ಹಲ್ಲು. ಸಹಲ್ ಅದನ್ನು ಕಸಬರಿಗೆಯ ಕೋಲಿಗೆ ಕಟ್ಟಿ ಹಿಡಿದಿದ್ದ. ಗಾಳಿಗೆ ಹಾಳೆ ತಿರುಗಿಕೊಂಡಿತ್ತು, ಮೇಲಿನಿಂದ ನನಗೆ ಕಂಡದ್ದು ಬರೀ ಬಿಳಿ.

ಕೇಕೆ ಯಾರೂ ಹಾಕಲಿಲ್ಲ. ಟ್ರಾಮುಗಳು ಓಡಿದವು.

ಕಾಹಿನ್ ಮಾವ ಮೊನ್ನೆ ಕಲ್ತೂನ್ ಚಿಕ್ಕಮ್ಮನಿಗೆ ಫೋನು ಮಾಡಿದ್ದರು. ಜ್ವರವೇ ಬಂದಿರಲಿಲ್ಲವಂತೆ. ನೀನು ರಂಗದ ಮೇಲೆ ಎಂಥ ನಟಿಯೋ ನಾನು ನೋಡಿಲ್ಲ. ಕಾಗದದ ಮೇಲೆ ಕೆಟ್ಟ ನಟಿ. ಏನು ನಡೆದಿದೆ?

ಫಿಲ್ಸನ್


ಹರ್ಗೇಸಾ
2 ಜುಲೈ 2006

ಹಲ್ಲಿನ ಡಾಕ್ಟ್ರಕ್ಕಾ,

ಏನು ನಡೆದಿದೆ ಎಂದು ನೀನು ಅಮ್ಮನಿಗೆ ಬರೆದ ಕಾಗದ ನಾನು ಓದಿದೆ. ಅವಳು ಉತ್ತರ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ನನ್ನ ಸೊಮಾಲಿ ಬರವಣಿಗೆ ಸುಧಾರಿಸಿದೆ ನೋಡು, ರಿಪೇರಿ ಆಗುತ್ತಿದ್ದೇನೆ.

ಅವಳ ಪಾಸ್‌ಪೋರ್ಟ್ ನನ್ನ ಹತ್ತಿರ ಇದೆ. ನನ್ನದನ್ನು ಅವಳು ಸೊಂಟದ ಬಟ್ಟೆಯಲ್ಲಿ ಕಟ್ಟಿಕೊಂಡು ಓಡಾಡುತ್ತಾಳೆ. ಅವಳು ಮೇ ತಿಂಗಳ ಟಿಕೆಟ್ಟಿಗೆ ಪೆಟ್ಟಿಗೆ ತುಂಬುವಾಗ ನಾನು ಅವಳದನ್ನು ಎತ್ತಿದೆ. ಎಲ್ಲಿಟ್ಟಿದ್ದೇನೆ ಎಂದು ನಿನಗೂ ಹೇಳಲ್ಲ. ಅವಳು ಯಾರಿಗೂ ಬಾಯಿ ಬಿಟ್ಟಿಲ್ಲ, ಯಾಕೆಂದರೆ ಗೊತ್ತಾದರೆ ಮಾವ ನನ್ನ ಚರ್ಮ ಸುಲಿಯುತ್ತಾನೆ. ದಿನಾ ನನ್ನ ಹಾಸಿಗೆ ಕೊಡವುತ್ತಾಳೆ, ಏನೂ ಸಿಗುವುದಿಲ್ಲ, ಮತ್ತೆ ಹಾಸುತ್ತಾಳೆ.

ಬೈಯುವ ಮುಂಚೆ ಕೇಳು. ಊರಾಚೆ ಒಂದು ‘ಶಿಸ್ತಿನ ಮನೆ’ ಇದೆ. ನನ್ನಂಥವರನ್ನು ಅಲ್ಲಿ ಹಾಕುತ್ತಾರೆ. ಲಂಡನ್ನಿನಿಂದ ಬಂದ ಒಬ್ಬ ಅಲ್ಲಿಂದ ಬಿಟ್ಟು ಬಂದ ಮೇಲೆ ಅವನ ಕಾಲು ನೋಡಿದೆ, ಸರಪಳಿಯ ಗುರುತು. ಅಮ್ಮ ವಿಮಾನ ಹತ್ತಿದ ಮರುದಿನ ನನ್ನನ್ನು ಅಲ್ಲಿಗೆ ಸೇರಿಸುತ್ತೇನೆ ಎಂದು ಮಾವ ನನ್ನೆದುರಿಗೇ ಹೇಳಿದ. “ಹೆಂಗಸಿನ ಕೈಲಿ ಗಂಡುಮಕ್ಕಳು ಬೆಳೆಯಲ್ಲ” ಅಂದ. ಅಮ್ಮ ಬೇಡ ಅಂದಳು. ಅವಳು ಇರುವ ತನಕ ಅಷ್ಟೇ ಆ ‘ಬೇಡ’ಕ್ಕೆ ಬೆಲೆ.

ಹೌದಕ್ಕಾ, ನಿನ್ನ ತಮ್ಮನಿಗೆ ಭಯ. ಗೋಥೆನ್‌ಬರ್ಗ್‌ನಲ್ಲಿ ಯಾರಿಗೂ ಹೇಳಬೇಡ.

ಅವಳಿಗೆ ಹೇಳು, ನನ್ನದು ಕೊಡಲಿ, ಅವಳದು ಕೊಡುತ್ತೇನೆ. ಇಬ್ಬರೂ ಬರುತ್ತೇವೆ, ನೀನು ನಿನ್ನ ಹಿಮಸಾರಂಗಗಳ ಹತ್ತಿರ ಹೋಗು. ನನ್ನ ಮಾತು ಅವಳು ನಂಬಲ್ಲ, ನಿನ್ನ ಮಾತು ಎಲ್ಲರೂ ನಂಬುತ್ತಾರೆ. ಹುಟ್ಟಿದಾಗಿನಿಂದ ಅದೇ ಕಥೆ.

ಗುಲೇದ್


ಗೋಥೆನ್‌ಬರ್ಗ್
24 ಜುಲೈ 2006

ಅಮ್ಮಾ,

ಉಮೆಯೋದಲ್ಲಿ ಸೀಟು ಸಿಕ್ಕಿದೆ.

ಬರೆದ ಮೇಲೆ ಈ ಸಾಲನ್ನು ಸ್ವಲ್ಪ ಹೊತ್ತು ನೋಡುತ್ತ ಕೂತೆ.

ಆಗಸ್ಟ್ 28, ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ. ಸಭಾಂಗಣದಲ್ಲಿ ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಕೂಗಿದಾಗ ಅಲ್ಲೇ ಇದ್ದು ಓಗೊಡಬೇಕು. ಓಗೊಡದಿದ್ದರೆ ಸೀಟು ಕಾಯುವವರ ಸಾಲಿನಲ್ಲಿ ಮುಂದಿನವರಿಗೆ. ಒಂದು ವರ್ಷ ಮುಂದೂಡಬಹುದೇ ಎಂದು ಕೇಳಿದೆ. ಕಾಯಿಲೆಯಿದ್ದರೆ ಆಗುತ್ತದಂತೆ, ಸ್ವಂತ ಮಕ್ಕಳಿದ್ದರೆ ಆಗುತ್ತದಂತೆ. ತಮ್ಮ, ತಂಗಿ ಎಂದೆ. ಆ ಹೆಂಗಸು ತುಂಬ ಮೃದುವಾಗಿ, “ಆದರೆ ನೀವು ಅವರ ತಾಯಿಯಲ್ಲವಲ್ಲ” ಎಂದಳು.

ಕಾನೂನಿನ ಪ್ರಕಾರ ನಾನು ಯಾರ ತಾಯಿಯೂ ಅಲ್ಲ ಅಮ್ಮಾ. ನೀನು ಮಾತ್ರ ಹುಟ್ಟಿದಾಗಿನಿಂದ ನನ್ನನ್ನು ಅಮ್ಮಾ ಎಂದು ಕರೆದೆ. ಕರೆದೂ ಕರೆದೂ ನಿಜವಾಯಿತು.

ಪಾಸ್‌ಪೋರ್ಟಿನ ವಿಷಯ ನನಗೆ ಗೊತ್ತು. ಗುಲೇದ್‌ನನ್ನು ಬೈಯಬೇಡ. ಅವನದನ್ನು ಅವನಿಗೆ ಕೊಡು. ಬಂದರೆ ಮತ್ತೆ ಅದೇ ಬೀದಿ, ಅದೇ ಸ್ನೇಹಿತರು ಎನ್ನುತ್ತೀಯ. ಇರಬಹುದು. ಆದರೆ ಆ ಬೀದಿಗೆ ನಾವು ಒಮ್ಮೆಯೂ ಇಳಿದು ಅವನನ್ನು ಕರೆದಿಲ್ಲ. ಊಟ ಮುಚ್ಚಿಟ್ಟೆವು ಅಷ್ಟೆ.

ನಾನು ಇಲ್ಲಿಯವರೆಗೆ ನಿನ್ನನ್ನು ಏನಾದರೂ ಕೇಳಿದ್ದೀನಾ?

ಫಿಲ್ಸನ್


ಹರ್ಗೇಸಾ
8 ಆಗಸ್ಟ್ 2006

ಅಮ್ಮಾ, ನನ್ನ ಕಣ್ಣೇ,

ಸೀಟು ಸಿಕ್ಕ ಸುದ್ದಿಯನ್ನು ಅಂಗಡಿಯ ಮುಂದೆ ನಿಂತು ಕೂಗಿ ಹೇಳಿದೆ. “ನನ್ನ ಮಗಳು ರಾಜರ ಹಲ್ಲು ಕೀಳುತ್ತಾಳೆ” ಎಂದೆ. ಒಂಟೆಹಾಲು ಮಾರುವವಳು ಒಂದು ಲೋಟ ಪುಕ್ಕಟೆ ಕೊಟ್ಟಳು. ಆಮೇಲೆ ಒಳಗೆ ಬಂದು ನಿನ್ನ ಕಾಗದದ ಉಳಿದದ್ದನ್ನು ಓದಿದೆ.

ಮಗಳೇ, ಹೇಳು, ಇದು ಎಂಥ ನಾಟಕ? ಕೊಟ್ಟರೆ ಮಗ ಬೀದಿಪಾಲು, ಕೊಡದಿದ್ದರೆ ಮಗಳ ಸೀಟು ಪರರ ಪಾಲು. ನಾನು ಹೋದರೆ ಅವನ ಕಾಲಿಗೆ ಸರಪಳಿ, ಇದ್ದರೆ ನಿನ್ನ ಕಾಲಿಗೆ. ಹಳೆಯ ನಾಟಕಗಳಲ್ಲಿ ಇಂಥ ಹೊತ್ತಿಗೆ ಮುದುಕನೊಬ್ಬ ಬಂದು ತೀರ್ಪು ಹೇಳುತ್ತಿದ್ದ. ನಮ್ಮ ಮನೆಯ ಮುದುಕ ಬರ್ಮಿಂಗ್‌ಹ್ಯಾಮಿನಲ್ಲಿ ಕೂತಿದ್ದಾನೆ.

ಕಾಹಿನ್ ಮೊನ್ನೆ ಕೈ ಚಾಚಿದ. “ಹುಡುಗನ ಪಾಸ್‌ಪೋರ್ಟ್ ನನ್ನ ಹತ್ರ ಇರ್ಲಿ ಅಕ್ಕ, ನೀನು ಹೆಂಗಸು, ಕರಗಿಬಿಡ್ತೀಯ.” ಅವನ ಕೈಗೆ ಹೋದರೆ ಹುಡುಗ ಅವನವನಾಗುತ್ತಾನೆ. ನನ್ನ ಸೊಂಟದಲ್ಲಿದ್ದರೆ ಇವತ್ತೋ ನಾಳೆಯೋ ನಾನು ನಿಜಕ್ಕೂ ಕರಗುತ್ತೇನೆ. ಅದಕ್ಕೇ ಗುಲೇದ್‌ನ ಪಾಸ್‌ಪೋರ್ಟನ್ನು ಈ ಕಾಗದದ ಜೊತೆ ನಿನಗೆ ಕಳಿಸುತ್ತಿದ್ದೇನೆ. ಈ ವಂಶದಲ್ಲಿ ಕೊಟ್ಟ ಮಾತು, ಹಿಡಿದ ವಸ್ತು ಬಿಡದವಳು ನೀನೊಬ್ಬಳೇ. ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ, ತೀರ್ಪು ನಿನ್ನದು.

ಒಂದೇ ಒಂದು ವರ್ಷ ಕಾಯಿ ಎಂದರೆ ಸಿಟ್ಟಾಗುತ್ತೀಯಾ? ನೀನು ಗಟ್ಟಿಗಿತ್ತಿ. ಅವನು ಗಾಜು. ಗಾಜನ್ನು ಹಿಡಿದವರಿಗೆ ಗಟ್ಟಿಯಾದದ್ದನ್ನು ಕೆಳಗಿಡಬೇಕಾಗುತ್ತದೆ.

ದಹಬೊ


ಗೋಥೆನ್‌ಬರ್ಗ್
28 ಆಗಸ್ಟ್ 2006, ಸೋಮವಾರ

ಅಮ್ಮಾ,

ಬೆಳಿಗ್ಗೆ ಒಂಬತ್ತಕ್ಕೆ ಉಮೆಯೋದ ಸಭಾಂಗಣದಲ್ಲಿ ನನ್ನ ಹೆಸರು ಕೂಗಿದರು. ನಾನು ಅಂಜೇರೊ ರೊಟ್ಟಿಯ ಹಿಟ್ಟು ಕಾವಲಿಗೆ ಸುರಿಯುತ್ತಿದ್ದೆ. ಹೊತ್ತಾದದ್ದು ಗೊತ್ತಿತ್ತು. ಗಡಿಯಾರದ ಕಡೆ ನೋಡಲಿಲ್ಲ, ರೊಟ್ಟಿಯ ಮೇಲೆ ತೂತುಗಳು ಏಳುವುದನ್ನೇ ನೋಡಿದೆ.

ಆಮೇಲೆ ಫೋನು ಬಂತು. ಅದೇ ಮೃದು ದನಿಯ ಹೆಂಗಸು.

“ನಿಮ್ಮ ಹೆಸರು ಎರಡು ಸಲ ಕೂಗಿದ್ವಿ. ಬರ್ತಾ ಇದ್ದೀರಾ?”

“ಇಲ್ಲ.”

“ಹುಷಾರಿಲ್ವಾ?”

“ಹುಷಾರಾಗಿದ್ದೀನಿ.”

ಹುಷಾರಿಲ್ಲ ಎಂದಿದ್ದರೆ ಏನಾದರೂ ದಾರಿ ಇರುತ್ತಿತ್ತೇನೋ. ಆ ಹೊತ್ತಿಗೆ ಸುಳ್ಳು ಬಾಯಿಗೆ ಬರಲಿಲ್ಲ. ನಟನೆ ನನಗೆ ನಿನ್ನಿಂದ ಬಂದಿಲ್ಲ. ಅವಳು ಒಳ್ಳೆಯದಾಗಲಿ ಎಂದಳು. ಈಗ ನನ್ನ ಕುರ್ಚಿಯಲ್ಲಿ ಮುಂದಿನವರು ಕೂತಿರುತ್ತಾರೆ. ಅವರಿಗೆ ಇವತ್ತು ತುಂಬ ಸಂತೋಷದ ದಿನ.

ಮಕ್ಕಳನ್ನು ಕಲ್ತೂನ್ ಚಿಕ್ಕಮ್ಮನ ಹತ್ತಿರ ಬಿಟ್ಟು ಹೋಗಬಹುದಿತ್ತು. ಶನಿವಾರ ಅವರನ್ನೇ ಕೇಳಿದೆ. “ಎರಡು ದಿನಾನಾದ್ರೆ ನೋಡ್ಕೋತೀನಿ ಕಣೇ, ಐದು ವರ್ಷ ಹೇಗೆ ನೋಡ್ಕೊಳ್ಲಿ” ಎಂದರು. ನ್ಯಾಯವಾದ ಮಾತು.

ಗುಲೇದ್‌ನ ಪಾಸ್‌ಪೋರ್ಟ್ ಒಂದು ವಾರ ನನ್ನ ಬಟ್ಟೆಯ ಕಪಾಟಿನಲ್ಲಿತ್ತು. ಕಪಾಟು ತೆರೆದಾಗಲೆಲ್ಲ ಹದಿಮೂರರ ಅವನ ಮುಖ ನನ್ನನ್ನು ನೋಡುತ್ತಿತ್ತು. ನೀನು ತೀರ್ಪು ಎಂದೆ. ಅದು ತೀರ್ಪಲ್ಲ ಅಮ್ಮಾ, ಬೀಗದ ಕೈ. ಅವನ ಬೀಗದ ಕೈಯನ್ನೂ ನೀನು ನನ್ನ ಗೊಂಚಲಿಗೆ ಸೇರಿಸಿದೆ. ನನ್ನ ಸೊಂಟದಲ್ಲಿ ಇನ್ನು ಜಾಗ ಇಲ್ಲ.

ಅದನ್ನು ಕಲ್ತೂನ್ ಚಿಕ್ಕಮ್ಮನ ತಮ್ಮನ ಕೈಯಲ್ಲಿ ವಾಪಸು ಕಳಿಸುತ್ತಿದ್ದೇನೆ. ನಿನಗಲ್ಲ, ಮಾವನಿಗಲ್ಲ. ಗುಲೇದ್‌ನ ಕೈಗೇ ಕೊಡಬೇಕು ಎಂದು ಕುರಾನಿನ ಮೇಲೆ ಪ್ರಮಾಣ ಮಾಡಿಸಿದ್ದೇನೆ. ಅವನು ಓಡಿಹೋದರೆ ಓಡಿಹೋಗಲಿ. ಕೈಕಾಲು ಕಟ್ಟಿಸಿಕೊಂಡು ಗಂಡಸಾದವರನ್ನು ನಾನು ಕಂಡಿಲ್ಲ, ಹೆಂಗಸಾದವರನ್ನು ಕಂಡಿದ್ದೇನೆ.

ಜನವರಿಯಲ್ಲಿ ಇನ್ನೊಂದು ಹಾಜರಿ ಇದೆ. ಮತ್ತೆ ಅರ್ಜಿ ಹಾಕುತ್ತೇನೆ. ಸೀಟು ಸಿಕ್ಕರೆ, ಆ ದಿನ ನೀನು ಬಂದಿದ್ದರೂ ಸರಿ, ಬರದಿದ್ದರೂ ಸರಿ, ನಾನು

ಈ ವಾಕ್ಯ ಮುಗಿಸಬೇಕೆಂದೇ ಕೂತಿದ್ದೆ. ಸಹಲ್ ಸ್ಟೂಲಿನ ಮೇಲೆ ನಿಂತು ಕಾವಲಿ ತಿಕ್ಕುತ್ತಿದ್ದಾನೆ. ಹಿಡಿ ಬಿಸಿಯಿದೆ, ಕೈ ಸುಟ್ಟುಕೊಳ್ಳುತ್ತಾನೆ. ನಾನು ಏಳಬೇಕು.

ಫಿಲ್ಸನ್


ಹರ್ಗೇಸಾ
19 ಸೆಪ್ಟೆಂಬರ್ 2006

ಫಿಲ್ಸನ್,

ಈ ಸಲ ನಿನ್ನನ್ನು ಬರಿ ಹೆಸರಿನಿಂದ ಕರೆದಿದ್ದೇನೆ. ಬೇಕೆಂದೇ.

ಕಲ್ತೂನಳ ತಮ್ಮ ಅಂಗಡಿಯ ಮುಂದೆ, ಕಾಹಿನ್ ನೋಡನೋಡುತ್ತಿದ್ದ ಹಾಗೆ ಪಾಸ್‌ಪೋರ್ಟನ್ನು ಗುಲೇದ್‌ನ ಕೈಗಿಟ್ಟ. ಕಾಹಿನ್ ಎದ್ದು ಬಂದ. ನಾನು ನಡುವೆ ನಿಂತೆ. ಕೈ ಎತ್ತಿದೆ ಅಷ್ಟೆ. ಹಳೆಯ ಕೈ, ಇನ್ನೂ ಕೆಲಸ ಮಾಡುತ್ತದೆ.

ಮಾರನೆಯ ದಿನ ಗುಲೇದ್ ಮನೆಯಲ್ಲಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಹೋದ, ಎಂದುಕೊಂಡೆ. ಸಹಾರಾ ದಾಟಿ ದೋಣಿ ಹತ್ತುವ ಹುಡುಗರ ಹೆಸರುಗಳೆಲ್ಲ ನೆನಪಾದವು. ಮೂರನೆಯ ದಿನ ಮಧ್ಯಾಹ್ನದ ಪ್ರಾರ್ಥನೆಗೆ ಚಾಪೆ ಬಿಡಿಸಿದರೆ ಅದರೊಳಗೆ ಎರಡು ಪಾಸ್‌ಪೋರ್ಟ್. ನನ್ನದಕ್ಕೆ ಜೋಳದ ಹಿಟ್ಟು ಮೆತ್ತಿತ್ತು. ಅವನು ಬಾಗಿಲಲ್ಲಿ ನಿಂತಿದ್ದ, ಮೈಯೆಲ್ಲ ಧೂಳು.

“ನನ್ ಹತ್ರ ಇದ್ರೆ ಮಾವ ಕಿತ್ಕೋತಾನೆ. ಎರಡೂ ನೀನೇ ಇಟ್ಕೋ.”

ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಿದೆ. ಅವನಿಗೆ ಆಶ್ಚರ್ಯವಾಯಿತು. ಆ ಪ್ರಶ್ನೆಯನ್ನು ಅವನಿಗೆ ನಾನು ಹಾಕಿದ್ದು ಅದೇ ಮೊದಲು.

ರಂಜಾನಿನ ಚಂದ್ರ ಕಾಣುವ ಮುಂಚೆ ಇಬ್ಬರೂ ಹೊರಡುತ್ತೇವೆ. ಅವನು ಸುಧಾರಿಸಿದ್ದಾನೆ ಎಂದು ನಿನಗೆ ಬರೆಯಲಾರೆ, ನೀನು ನನ್ನನ್ನು ಕೆಟ್ಟ ನಟಿ ಎಂದಿದ್ದೀಯ. ಅಲ್ಲಿ ಅದೇ ಬೀದಿ ಕಾದಿದೆ, ಅದೇ ಮೆಟ್ಟಿಲು. ಈ ಸಲ ಮೆಟ್ಟಿಲ ಮೇಲೆ ನಾನು ಯಾರಿಗಾಗಿ ನಿಲ್ಲಬೇಕು ಎಂಬುದು ಗೊತ್ತಿದೆ. ನಿಂತರೆ ಸಾಕಾಗುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನ ಕುರ್ಚಿಯಲ್ಲಿ ಕೂತವರನ್ನು ಎಬ್ಬಿಸುವ ಶಕ್ತಿಯಂತೂ ನನ್ನ ಈ ಕೈಗಿಲ್ಲ.

ನಿನ್ನ ಅರ್ಧ ವಾಕ್ಯವನ್ನು ದಿನವೂ ಓದುತ್ತೇನೆ. ಮುಗಿಸಿ ಕೊಡಲು ನನಗೂ ಆಗುತ್ತಿಲ್ಲ.

ನಿನ್ನೆ ಮಧ್ಯಾಹ್ನ ಹಲ್ಲುನೋವಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದವಳು ಯಾವ ಊರಲ್ಲಿದ್ದೇನೆಂಬುದನ್ನೇ ಮರೆತು, ರೂಢಿಯ ಹಾಗೆ ಕೂಗಿದೆ: “ಫಿಲ್ಸನ್, ಚಹಾ.” ಕೂಗಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ನನ್ನ ಬಾಯಿಂದ ನಿನ್ನ ಹೆಸರು ಪೂರ್ತಿ ಹೊರಡುವ ಮುಂಚೆಯೇ ನೀನು ಓಗೊಡುತ್ತಿದ್ದವಳು. ಅಂಗಳದಲ್ಲಿ ಮೇಕೆ ಮಾತ್ರ ಕೂಗಿತು.

ಆಮೇಲೆ ಒಳಗಿನಿಂದ ಗುಲೇದ್, “ತರ್ತೀನಿ ಇರು” ಎಂದ.

ಪಾತ್ರೆ ಉರುಳಿದ ಸದ್ದು, ಬೈಗುಳ, ಹೊಗೆ. ತುಂಬ ಹೊತ್ತಿನ ಮೇಲೆ ಲೋಟ ತಂದ. ಏಲಕ್ಕಿಯಿಲ್ಲ, ಹಾಲು ಸೀದಿತ್ತು, ಸಕ್ಕರೆ ಪಾಕದ ಹಾಗೆ. ಮೊದಲ ಗುಟುಕಿಗೇ ಹಾಳಾದ ದವಡೆ ಹಲ್ಲು ನೆತ್ತಿಯವರೆಗೆ ಜಗ್ಗಿತು. ಅವನು ಎದುರಿಗೇ ಕೂತು ನೋಡುತ್ತಿದ್ದ.

ತಳದವರೆಗೂ ಕುಡಿದೆ.

ದಹಬೊ